ಇಲ್ಲೊಂದು ಸೈನ್ ಹಾಕಿ

ಕೋಲಾರದಲ್ಲಿ ನನ್ನ ಗೆಳೆಯನೊಬ್ಬ ಕಥೆ ಬರೆಯುತ್ತಾನೆ. ಅವನ ಹೊಸ ಪುಸ್ತಕ ಅಚ್ಚಾಗುತ್ತಿದ್ದಾಗ ಬೆಂಗಳೂರಿನಿಂದ ಪ್ರಕಾಶಕರು ಒಂದು ದೊಡ್ಡ ಕಟ್ಟು ಬಿಡಿ ಹಾಳೆ ಕಳಿಸಿದ್ದರು. ಪುಸ್ತಕದ ಮೊದಲ ಹಾಳೆ ಅವು, ಇನ್ನೂ ಬೈಂಡಿಂಗ್‌ಗೆ ಹೋಗಿರಲಿಲ್ಲ. ಎಲ್ಲದಕ್ಕೂ ಸಹಿ ಹಾಕಿ ವಾಪಸ್ ಕಳಿಸಿದರೆ, ಲೇಖಕರ ಹಸ್ತಾಕ್ಷರ ಇರುವ ಪ್ರತಿ ಬೇಕು ಅಂತ ಮುಂಗಡ ಕಾಸು ಕಟ್ಟಿದವರಿಗೆ ಆ ಪುಸ್ತಕಗಳು ಹೋಗುತ್ತವೆ. ನಾನು ಆವತ್ತು ಸುಮ್ನೆ ಮಾತಾಡಿಸಿಕೊಂಡು ಬರೋಣ ಅಂತ ಹೋಗಿದ್ದೆ. ಹೋದವನನ್ನು ಹಾಳೆ ಎತ್ತಿಕೊಡುವ ಕೆಲಸಕ್ಕೆ ಕೂರಿಸಿಕೊಂಡ. ಶುರುವಿನಲ್ಲಿ ಮೇಲೆ ‘ಪ್ರೀತಿಯಿಂದ’, ನಡುವೆ ಪೂರ್ತಿ ಹೆಸರು, ಕೆಳಗೆ ತಾರೀಖು. ಸ್ವಲ್ಪ ಹೊತ್ತಿಗೆ ಪ್ರೀತಿ ಹೋಯಿತು. ಆಮೇಲೆ ತಾರೀಖೂ ಹೋಯಿತು. ಕಾಫಿ ಬರುವಷ್ಟರಲ್ಲಿ ಹೆಸರಿನ ಮೊದಲ ಅಕ್ಷರ, ಅದರ ಹಿಂದೆ ಒಂದು ಗೀಟು, ಅಷ್ಟೇ ಉಳಿದಿತ್ತು.

ಅವನ ಹೆಂಡತಿ ಲೋಟ ಇಟ್ಟವರೇ, “ಕೊಡಿ ಇತ್ಲಾಗೆ, ನಿಮ್ಮ ಸೈನ್ ನನಗೆ ಬರಲ್ವಾ? ಮಗಳ ಮಾರ್ಕ್ಸ್ ಕಾರ್ಡ್‌ಗೆಲ್ಲ ಇನ್ಯಾರು ಹಾಕಿದ್ದು ಅಂದ್ಕೊಂಡ್ರಿ?” ಅಂದು ಒಂದು ಹಾಳೆ ಎಳೆದುಕೊಂಡು ಹಾಕಿಯೇ ಬಿಟ್ಟರು. ಅದೇ ಅಕ್ಷರ, ಅದೇ ಗೀಟು. ನಾವು ನಗುತ್ತಿರುವಾಗಲೇ ಅವರು ಆ ಹಾಳೆಯನ್ನು ಕಟ್ಟಿನೊಳಗೆ ತೂರಿಸಿದರು. ನಗು ನಿಂತ ಮೇಲೆ ಇವನಿಗೆ ಕಸಿವಿಸಿ ಶುರುವಾಯಿತು. ಕಟ್ಟು ಬಿಚ್ಚಿ ಹುಡುಕಿದ. ಸಿಗಲಿಲ್ಲ. ಎರಡು ಹಾಳೆ ತೆಗೆದು ಬೆಳಕಿಗೆ ಹಿಡಿದು, ಇದಿರಬೇಕು, ಅಲ್ಲ ಇದು, ಅಂತ ಒದ್ದಾಡಿ ಕೊನೆಗೆ ಬಿಟ್ಟ. ಅವನ ಸಹಿಯನ್ನು ಅವನಿಗೇ ಗುರುತು ಹಿಡಿಯಲು ಆಗಲಿಲ್ಲ.

ಆ ಪುಸ್ತಕ ಈಗ ಯಾರದೋ ಮನೆಯ ಕಪಾಟಿನಲ್ಲಿದೆ. ಕೊಂಡವರಿಗೆ ಇದರಿಂದ ಏನಾದರೂ ನಷ್ಟ ಆಗಿದೆಯಾ? ಕಥೆಗಳು ಅವೇ. ಸಹಿಯ ಆಕಾರವೂ ಅದೇ. ಗೊತ್ತಾಗುವ ಸಾಧ್ಯತೆಯೂ ಇಲ್ಲ. ಆದರೂ ಏನೋ ತಪ್ಪಿದೆ ಅಂತ ಅನಿಸುತ್ತಲೇ ಇದೆ. ವಿಚಿತ್ರ ಅಂದರೆ, ಆ ತಪ್ಪಿದ್ದು ಹೆಂಡತಿ ಹಾಕಿದ ಒಂದು ಹಾಳೆಯಲ್ಲಿ ಮಾತ್ರ ಇದೆಯೋ ಅಥವಾ ಗೆಳೆಯನೇ ಹಾಕಿದ ಮಿಕ್ಕ ಅಷ್ಟೂ ಹಾಳೆಗಳಲ್ಲಿ ಇದೆಯೋ ನನಗೆ ಗೊತ್ತಾಗುತ್ತಿಲ್ಲ. ಅವನು ಅವನ್ನು ಯಾರಿಗೂ ಹಾಕಿಕೊಡಲಿಲ್ಲ ಅಲ್ವಾ? ಎದುರಿಗೆ ಇದ್ದದ್ದು ಹಾಳೆ ಎತ್ತಿಕೊಡುತ್ತಿದ್ದ ನಾನೊಬ್ಬ. ನನಗೆ ಬೇಕಾಗಿದ್ದು ಸಹಿ ಅಲ್ಲ, ಕಾಫಿ.

ಬಿಕ್ಕಲಂ

ಸಹಿಯ ವಿಷಯ ಇಷ್ಟು ತಲೆ ತಿನ್ನುವುದಕ್ಕೆ ಕಾರಣ ನಮ್ಮಪ್ಪ. ಅವರು ಮುಳಬಾಗಿಲಿನಲ್ಲಿ ಪತ್ರ ಬರಹಗಾರರಾಗಿದ್ದವರು. ಕ್ರಯಪತ್ರ, ಭೋಗ್ಯದ ಪತ್ರ, ದಾನಪತ್ರ, ವಿಭಾಗ ಪತ್ರ, ಏನೇ ಇದ್ದರೂ ಅವರ ಮೇಜಿನ ಮೇಲೆ ಹುಟ್ಟಿ ಆಮೇಲೆ ರಿಜಿಸ್ಟ್ರಾರ್ ಮುಂದೆ ಹೋಗುತ್ತಿತ್ತು. ಪತ್ರದ ಕೊನೆಯಲ್ಲಿ ಬರೆದುಕೊಟ್ಟವರ ಸಹಿ, ಸಾಕ್ಷಿಗಳ ಸಹಿ, ಎಲ್ಲ ಮುಗಿದ ಮೇಲೆ ಕೆಳಗೆ ‘ಬಿಕ್ಕಲಂ’, ಅಂದರೆ ಪತ್ರ ಬರೆದವರು, ಅಂತ ಬರೆದು ಅಪ್ಪನ ಹೆಸರು. ಆ ತಾಲ್ಲೂಕಿನ ಅದೆಷ್ಟೋ ಮನೆಗಳ ಟ್ರಂಕಿನಲ್ಲಿ, ಪಾಸ್‌ಬುಕ್ಕು, ಜಾತಕಗಳ ಜೊತೆ ಅವರ ಸಹಿ ಇದೆ. ಯಾರೂ ಅದನ್ನು ಓದುವುದಿಲ್ಲ.

ಅಂಗಡಿಯ ಗೋಡೆಯಲ್ಲಿ, ಮೇಜಿನ ಪಕ್ಕಕ್ಕೆ ಸರಿಯಾಗಿ, ಮೊಣಕೈ ಎತ್ತರದಲ್ಲಿ ಒಂದು ಕಪ್ಪು ಪಟ್ಟೆ ಇತ್ತು. ಹೆಬ್ಬೆಟ್ಟು ಒತ್ತಿದವರು ಮಸಿ ಒರೆಸಿಕೊಳ್ಳುತ್ತಿದ್ದ ಜಾಗ. ಗಂಡಸರು ಗೋಡೆಗೆ, ಹೆಂಗಸರು ತಲೆಗೂದಲಿಗೆ. ಅಪ್ಪ ಹಳೆ ಬಟ್ಟೆಯ ಚೂರು ಇಟ್ಟಿರುತ್ತಿದ್ದರು, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಸುಣ್ಣ ಹೊಡೆಸಿದ ಒಂದೇ ತಿಂಗಳಿಗೆ ಪಟ್ಟೆ ವಾಪಸ್ ಬರುತ್ತಿತ್ತು. ಒಂದು ಪತ್ರದ ಕೊನೆಯ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾರಿದವರ ಸಹಿ ತೆಲುಗಿನಲ್ಲಿ, ಅವರ ಹೆಂಡತಿಯದು ಹೆಬ್ಬೆಟ್ಟು, ಒಬ್ಬ ಸಾಕ್ಷಿ ಉರ್ದುವಿನಲ್ಲಿ, ಇನ್ನೊಬ್ಬರು ಕೆಜಿಎಫ್ ಕಡೆಯವರು, ತಮಿಳಿನಲ್ಲಿ. ಕೆಳಗೆ ಅಪ್ಪನ ದುಂಡು ಕನ್ನಡ. ನಮ್ಮ ಜಿಲ್ಲೆ ಹೀಗೇ ಇರುವುದು, ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಯಾವ ಲಿಪಿಯಾದರೂ ಸರಿ, ಹಾಕುವಾಗ ಕಣ್ಣೆದುರು ಹಾಕಬೇಕು ಅನ್ನುವುದೊಂದೇ ಅಪ್ಪನ ಹಠ. “ಮನೆಗೆ ತಗೊಂಡೋಗಿ ಸೈನ್ ಹಾಕಿಸ್ಕೊಂಡು ಬರ್ತೀನಿ ಸ್ವಾಮಿ, ಅಮ್ಮನಿಗೆ ಓಡಾಡೋಕೆ ಆಗಲ್ಲ” ಅಂತ ಬಂದವರಿಗೆ, “ಹಂಗಾದ್ರೆ ನಾನೇ ನಿಮ್ಮೂರಿಗೆ ಬರ್ತೀನಿ ಬಿಡಿ” ಅಂತ ಹೊರಟುಬಿಡುತ್ತಿದ್ದರು. ಅದಕ್ಕೆ ಬಸ್ ಚಾರ್ಜು ಬಿಟ್ಟು ಬೇರೆ ಏನೂ ಕೇಳಿದ್ದು ಕಾಣೆ.

ಕಾನೂನು ಕೂಡ ಅಪ್ಪನ ಪರವೇ ಇದೆ ಅಂತ ಗೊತ್ತಾದದ್ದು ಆಮೇಲೆ. ಸಹಿ ಅಂದರೆ ಹೀಗೇ ಇರಬೇಕು, ಇಷ್ಟೇ ಅಕ್ಷರ ಇರಬೇಕು ಅಂತ ಎಲ್ಲೂ ಹೇಳಿಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ ಹೆಸರು ಬರೆಯಲು ಬಾರದವರು ಹಾಕುವ ಗುರುತೂ ಸಹಿಯೇ. 1908ರ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟ್ರಾರ್ ಮಾಡಬೇಕಾದ ಮುಖ್ಯ ಕೆಲಸ ಸಹಿಯನ್ನು ಭೂತಗನ್ನಡಿಯಲ್ಲಿ ನೋಡುವುದಲ್ಲ, ಎದುರಿಗೆ ಬಂದು ನಿಂತವರನ್ನು ಕೇಳುವುದು. ಈ ಪತ್ರ ಬರೆದುಕೊಟ್ಟವರು ನೀವೇನಾ? ಹೌದು ಅಂದರೆ ಮುಂದಿನದು. ಅಲ್ಲ ಅಂದರೆ, ಸಹಿ ಎಷ್ಟೇ ಚೆನ್ನಾಗಿರಲಿ, ಅವರ ಮಟ್ಟಿಗೆ ನೋಂದಣಿ ಆಗುವುದಿಲ್ಲ. ಉಯಿಲು ಬರೆದರೂ ಅಷ್ಟೇ, ಇಬ್ಬರು ಸಾಕ್ಷಿ ಬೇಕು. ಬರೆದವರು ಸಹಿ ಹಾಕಿದ್ದನ್ನು ಅವರು ಕಣ್ಣಾರೆ ನೋಡಿರಬೇಕು, ಇಲ್ಲಾ ‘ಇದು ನನ್ನ ಸಹಿ’ ಅಂತ ಅವರ ಬಾಯಿಂದಲೇ ಕೇಳಿರಬೇಕು.

ಒಮ್ಮೆ ಅಪ್ಪನನ್ನು ಸಿವಿಲ್ ಕೋರ್ಟಿಗೆ ಸಾಕ್ಷಿ ಹೇಳಲು ಕರೆದಿದ್ದರು. ಎಷ್ಟೋ ವರ್ಷ ಹಿಂದಿನ ಕ್ರಯಪತ್ರ. ವಕೀಲರು ಹಾಳೆ ತೋರಿಸಿ ಈ ಸಹಿ ಇಂಥವರದ್ದೇ ಅಂತ ಹೇಗೆ ಹೇಳ್ತೀರಿ ಅಂತ ಕೇಳಿದರಂತೆ. ಅಪ್ಪ ಸಹಿಯ ಕಡೆ ನೋಡಲೇ ಇಲ್ಲವಂತೆ. ಆವತ್ತು ಆಯಪ್ಪ ಬಲಗೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು, ಎಡಗೈಯಲ್ಲಿ ಹಾಕಲಾ ಅಂತ ಕೇಳಿದ್ದರು, ಬೇಡ ಪಟ್ಟಿ ಬಿಚ್ಚಿದ ಮೇಲೆ ಬನ್ನಿ ಅಂತ ನಾನೇ ವಾಪಸ್ ಕಳಿಸಿ ಮುಂದಿನ ವಾರ ಹಾಕಿಸಿದೆ ಅಂತ ಹೇಳಿದರಂತೆ. ಕೇಸು ಏನಾಯಿತೋ, ಅಪ್ಪ ಕೇಳಲು ಹೋಗಲಿಲ್ಲ. ಸಾಕ್ಷಿ ಭತ್ಯೆ ಅಂತ ಬಂದ ಕಾಸಿಗೆ ಕೋಲಾರದಿಂದ ಒಂದು ಕೊಡೆ ತಂದಿದ್ದರು.

ಬೂದಿಕೋಟೆಯವನ ಒಂದಕ್ಷರ

ಅಕ್ಷರ ಬಾರದವರ ಸಹಿ ಅಂದಾಗ ನಮ್ಮ ಜಿಲ್ಲೆಯವನೇ ಆದ ಹೈದರಾಲಿಯನ್ನು ಬಿಡುವ ಹಾಗಿಲ್ಲ. ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಬೂದಿಕೋಟೆಯಲ್ಲಿ, ಅಪ್ಪ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದ ಮಕ್ಬರಾದಲ್ಲಿ. ಓದು ಬರಹ ಬಾರದೆಯೇ ಮೈಸೂರನ್ನು ಆಳಿದ. ಅವನಿಗೆ ಬರುತ್ತಿದ್ದದ್ದು ಪರ್ಷಿಯನ್ ಲಿಪಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಒಂದೇ, ಅದನ್ನೂ ತಿರುಗುಮುರುಗಾಗಿ ಬರೆಯುತ್ತಿದ್ದ ಅಂತ ಹೇಳುತ್ತಾರೆ. ಆ ಒಂದಕ್ಷರವನ್ನೇ ನಾಣ್ಯದ ಮೇಲೂ ಹೊಡೆಸಿದ. ಅವನ ಚಿನ್ನದ ವರಹದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಈ ಅಕ್ಷರ. ಹೆಬ್ಬೆಟ್ಟು ಅಂತ ಯಾರನ್ನಾದರೂ ಹಂಗಿಸುವವರು ಸ್ವಲ್ಪ ಈ ಕಡೆಯೂ ನೋಡಬೇಕು.

ಅದಕ್ಕೂ ಹಿಂದೆ ಹೋದರೆ ವಿಜಯನಗರದ ರಾಜರು. ಅವರ ತಾಮ್ರಶಾಸನಗಳು ಉದ್ದಕ್ಕೂ ಸಂಸ್ಕೃತ, ನಂದಿನಾಗರಿ ಲಿಪಿ. ಕೊನೆಗೆ ಸಹಿಯ ಜಾಗದಲ್ಲಿ ಮಾತ್ರ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’. ರಾಜನ ಹೆಸರಲ್ಲ, ಹಂಪಿಯ ದೇವರ ಹೆಸರು. ನನಗೆ ಇದು ತುಂಬ ಇಷ್ಟವಾದ ಏರ್ಪಾಟು. ದತ್ತಿ ಕೊಡುವವನು ರಾಜ, ಹೊಣೆ ದೇವರದು. ಮುಂದೆ ಬರುವ ರಾಜ ತಪ್ಪಿದರೆ ಯಾರಿಗೆ ತಪ್ಪಿದ ಹಾಗಾಯಿತು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು.

ನಮ್ಮ ಕಡೆಯ ಇನ್ನೊಬ್ಬರದು ಬೇರೆ ಥರ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿ. ಕಚೇರಿಯ ಕಾಗದಕ್ಕೆ ಅವರ ಹೆಸರು ಒಂದು, ಕಥೆಗಳಿಗೆ ‘ಶ್ರೀನಿವಾಸ’ ಅಂತ ಇನ್ನೊಂದು. ಕಚೇರಿಯ ಹೆಸರಿನಲ್ಲಿ ಹೊರಡಿಸಿದ ಆದೇಶಗಳನ್ನು ಈಗ ಹುಡುಕಿಕೊಂಡು ಹೋಗುವವರು ಯಾರೂ ಇರಲಿಕ್ಕಿಲ್ಲ.

ನೋಟಿನ ಮೇಲಿನ ಸಹಿಯದು ಬೇರೆಯೇ ಕಥೆ. ರಿಸರ್ವ್ ಬ್ಯಾಂಕಿನ ಗವರ್ನರ್ ಇಷ್ಟು ರೂಪಾಯಿ ಕೊಡುತ್ತೇನೆ ಅಂತ ಮಾತು ಕೊಟ್ಟು ಸಹಿ ಹಾಕಿರುತ್ತಾರೆ, ಒಂದು ರೂಪಾಯಿ ನೋಟಿಗೆ ಮಾತ್ರ ಹಣಕಾಸು ಕಾರ್ಯದರ್ಶಿಯ ಸಹಿ. ಮನಮೋಹನ ಸಿಂಗ್ ಎರಡೂ ಹುದ್ದೆಯಲ್ಲಿ ಇದ್ದವರು, ಹಾಗಾಗಿ ಎರಡೂ ಥರದ ನೋಟಿನ ಮೇಲೆ ಅವರ ಸಹಿ ಬಂದಿದೆ. ಯಾರಾದರೂ ನೋಟು ತಗೊಳ್ಳುವಾಗ ಸಹಿ ನೋಡಿದ್ದನ್ನು ನೀವು ಕಂಡಿದ್ದೀರಾ? ಬೆಳಕಿಗೆ ಹಿಡಿದು ದಾರ ಇದೆಯಾ ಅಂತ ನೋಡುತ್ತಾರೆ.

ಆಟೋಗ್ರಾಫ್ ಪುಸ್ತಕ

ಎಸ್ಸೆಸ್ಸೆಲ್ಸಿ ಮುಗಿಯುವಾಗ ಆಟೋಗ್ರಾಫ್ ಪುಸ್ತಕ ಇಲ್ಲದ ಹುಡುಗ ಹುಡುಗಿ ನಮ್ಮ ಕಾಲದಲ್ಲಿ ಇರಲಿಲ್ಲ. ಗುಲಾಬಿ, ಹಸಿರು, ಹಳದಿ ಹಾಳೆ. ಮೂಲೆಯಲ್ಲಿ ಹೂವಿನ ಚಿತ್ರ. ಎಲ್ಲರೂ ಬರೆಯುವುದು ಅವೇ ನಾಲ್ಕು ಸಾಲು, ನೆನಪಿನ ದೋಣಿ, ಜೀವನದ ಸಾಗರ, ಮರೆಯದಿರು ಗೆಳೆಯಾ. ಬರೆದವನು ಪಕ್ಕದ ಬೆಂಚಿನವನು, ನಾಳೆಯೂ ಅದೇ ಬೀದಿಯಲ್ಲಿ ಸಿಗುವವನು. ಆದರೂ ಹೆಡ್ ಮಾಸ್ಟರ ಹತ್ತಿರ ಹೋಗುವಾಗ ಮಾತ್ರ ಕೈ ಬೆವರುತ್ತಿತ್ತು. ಅವರು ಪುಸ್ತಕ ತಗೊಂಡು ಮುಖ ನೋಡುತ್ತಿದ್ದರು. ಅರ್ಧ ನಿಮಿಷ ಯೋಚನೆ. ನನ್ನ ಪುಸ್ತಕದಲ್ಲಿ ‘ಗಣಿತದ ಮೇಲೆ ಇನ್ನೂ ಸ್ವಲ್ಪ ಗಮನ ಕೊಡು’ ಅಂತ ಬರೆದು ಸಹಿ ಹಾಕಿದ್ದರು. ಪರೀಕ್ಷೆ ಮುಗಿದುಹೋಗಿತ್ತು! ಆಗ ಅವಮಾನ ಆಗಿತ್ತು. ಈಗ ಅನಿಸುತ್ತದೆ, ಇಡೀ ಪುಸ್ತಕದಲ್ಲಿ ನನಗೇ ಅಂತ ಬರೆದದ್ದು ಅದೊಂದೇ.

ಆಟೋಗ್ರಾಫ್ ಕೇಳುವವರಿಗೆ ಬೇಕಾಗಿರುವುದು ಆ ಅರ್ಧ ನಿಮಿಷ ಅಂತ ನನ್ನ ಗುಮಾನಿ. ಸಹಿ ಅದಕ್ಕೆ ರಸೀದಿ. ದೊಡ್ಡವರೊಬ್ಬರು ನಡೆಯುವುದನ್ನು ನಿಲ್ಲಿಸಿ, ಪೆನ್ನು ಈಸಿಕೊಂಡು, ನಿನ್ನ ಹೆಸರೇನು ಅಂತ ಕೇಳಬೇಕು. ಕೆಲವರು ಕೇಳುವುದಿಲ್ಲ, ಹಾಗೆಯೇ ಗೀಚಿ ಹೋಗುತ್ತಾರೆ. ಕೆಲವರು ಆಗಲ್ಲ ಅನ್ನುತ್ತಾರೆ. ಆಗಲ್ಲ ಅನ್ನುವವರ ಬಗ್ಗೆ ನಮಗೆ ಸಿಟ್ಟು ಬರುತ್ತದೆ. ಆದರೆ ಅವರು ಆಗಲ್ಲ ಅನ್ನಬಹುದಾಗಿತ್ತು ಅನ್ನುವುದೇ ಹಾಕಿಕೊಟ್ಟ ಸಹಿಗೆ ಬೆಲೆ ತರುವುದು. ಗಾಂಧೀಜಿ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. 1927ರಲ್ಲಿ, ಮತ್ತೆ 1936ರಲ್ಲಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ಬಂದಿದ್ದರಲ್ಲ, ಆ ಮೂವತ್ತರ ದಶಕದಲ್ಲಿ ಅವರು ಆಟೋಗ್ರಾಫಿಗೆ 5 ರೂಪಾಯಿ ರೇಟು ಇಟ್ಟಿದ್ದರು. ಹಣ ಹರಿಜನ ನಿಧಿಗೆ. ಆ ಕಾಲಕ್ಕೆ 5 ರೂಪಾಯಿ ಸಣ್ಣದಲ್ಲ. ಇದನ್ನು ವ್ಯಾಪಾರ ಅಂತ ಯಾರೂ ಅನ್ನಲಿಲ್ಲ, ಯಾಕೆಂದರೆ ಕೇಳಿದವರು ಎದುರಿಗೆ ನಿಂತು, ಏನಕ್ಕೆ ಕೊಡುತ್ತಿದ್ದೇವೆ ಅಂತ ತಿಳಿದು ಕೊಡುತ್ತಿದ್ದರು. ಮುಟ್ಟಿಸಿಕೊಳ್ಳದ ಮನೆಯವರೂ ಸಹಿಯ ಆಸೆಗೆ ಆ ನಿಧಿಗೆ ದುಡ್ಡು ಹಾಕಿರಬೇಕು. ಅಜ್ಜನ ತುಂಟತನ.

ಈಗ ಸೆಲ್ಫಿ. ಸೆಲ್ಫಿಯಲ್ಲಿ ಅವರ ಕೈಗೆ ಕೆಲಸ ಇಲ್ಲ. ನಾವೇ ಹಿಡಿದು, ನಾವೇ ಒತ್ತಿ, ನಾವೇ ಹೋಗುತ್ತೇವೆ. ಅವರು ಮುಖ ಇಟ್ಟುಕೊಂಡಿದ್ದರೆ ಸಾಕು. ಹಾಗಂತ ಸೆಲ್ಫಿ ಕೀಳು ಅಂತ ನಾನು ಹೇಳುತ್ತಿಲ್ಲ, ಕ್ರಿಕೆಟ್ ಆಟಗಾರರೊಬ್ಬರ ಜೊತೆ ತೆಗೆಸಿಕೊಂಡದ್ದು ನನ್ನ ಫೋನಿನಲ್ಲೂ ಇದೆ. ಅದರಲ್ಲಿ ಅವರು ಬೇರೆ ಎಲ್ಲೋ ನೋಡುತ್ತಿದ್ದಾರೆ.

ಹಸಿರು ಇಂಕಿನವರನ್ನೂ ನೆನಸಿಕೊಳ್ಳಬೇಕು. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್‌ಗೆ ಗೆಜೆಟೆಡ್ ಅಧಿಕಾರಿಯ ಅಟೆಸ್ಟೇಶನ್ ಬೇಕಿದ್ದ ಕಾಲ. ನಮ್ಮೂರಿನಲ್ಲಿ ಸುಲಭವಾಗಿ ಸಿಗುತ್ತಿದ್ದವರು ಪಶುವೈದ್ಯರು. ಹಸುವಿನ ಹಿಂದೆ ನಿಂತಿರುತ್ತಿದ್ದರು. ಮೊಣಕೈವರೆಗೆ ಗ್ಲೌಸು. ಅದನ್ನು ತೆಗೆದು, ಕೈ ತೊಳೆದು, ಒರಿಜಿನಲ್ ತೋರಿಸಪ್ಪಾ ಅಂತ ಕೇಳಿ, ನಿಜವಾಗಿಯೂ ಎರಡನ್ನೂ ಹೋಲಿಸಿ ನೋಡಿ, ಇಂಗ್ಲಿಷಿನಲ್ಲಿ ಇಷ್ಟೇನಾ ಅಂತ ಒಂದು ಮಾತು ಅಂದು ಸಹಿ ಹಾಕುತ್ತಿದ್ದರು. 2014ರ ಹೊತ್ತಿಗೆ ಕೇಂದ್ರ ಸರ್ಕಾರ ನೀವೇ ಸಹಿ ಹಾಕಿಕೊಂಡರೆ ಸಾಕು ಅಂದಿತು. ಎಷ್ಟೋ ಹುಡುಗರ ಅಲೆದಾಟ ತಪ್ಪಿತು, ಒಳ್ಳೆಯದೇ ಆಯಿತು. ಇದರಲ್ಲಿ ನನಗೆ ಯಾವ ಹಳಹಳಿಕೆಯೂ ಇಲ್ಲ. ಅಟೆಸ್ಟೇಶನ್‌ಗೆ ಅಂತ ಹೋದವನನ್ನು ಗೇಟಿನ ಹೊರಗೆ ಗಂಟೆಗಟ್ಟಲೆ ನಿಲ್ಲಿಸಿದವರನ್ನೂ ನಾನು ನೋಡಿದ್ದೇನೆ.

ಅಕ್ಕತಂಗಿಯರ ಸೈನು

ನಮ್ಮ ಕಡೆ ಜಮೀನಿನ ಮಾತು ಬಂದರೆ ಒಂದು ವಾಕ್ಯ ಬಂದೇ ಬರುತ್ತದೆ. “ಹೆಣ್ಣುಮಕ್ಕಳ ಸೈನ್ ಆಗಿದೆಯಾ?” ಕೊಳ್ಳುವವರು ಕೇಳುತ್ತಾರೆ, ಬ್ಯಾಂಕಿನವರು ಕೇಳುತ್ತಾರೆ, ವಕೀಲರು ಕೇಳುತ್ತಾರೆ. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2020ರಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ಅಪ್ಪ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಅಂತ ಸ್ಪಷ್ಟ ಮಾಡಿತು. ಕಾನೂನು ಹೀಗೆ ಮುಂದೆ ಹೋದ ಹಾಗೆಲ್ಲ ಅಪ್ಪನ ಅಂಗಡಿಯಲ್ಲಿ ಒಂದು ಪತ್ರಕ್ಕೆ ಗಿರಾಕಿ ಜಾಸ್ತಿಯಾದರು. ಹಕ್ಕು ಬಿಡುಗಡೆ ಪತ್ರ. ಹಕ್ಕು ಬಂದಿದೆ ಅಂತ ಅಕ್ಕತಂಗಿಯರಿಗೆ ಗೊತ್ತಾಗುವುದೇ ಅದನ್ನು ಬಿಟ್ಟುಕೊಡಲು ಕರೆದಾಗ.

ಒಂದು ದಿನ ಒಬ್ಬ ಹೆಂಗಸು ಬಂದಿದ್ದರು. ಐವತ್ತು ದಾಟಿರಬೇಕು. ಜೊತೆಗೆ ಇಬ್ಬರು ತಮ್ಮಂದಿರು. ದೊಡ್ಡ ತಮ್ಮನ ಹೆಂಡತಿಯ ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಒಳಗೆ ಸೀರೆ. ಅರಿಶಿನ ಕುಂಕುಮಕ್ಕೆ ಅಂತ ಕೊಡುವುದು ಪದ್ಧತಿ. ಆ ಹೊತ್ತಿಗೆ ಅಪ್ಪ ಕೈಯಲ್ಲಿ ಬರೆಯುವುದು ನಿಂತು, ಪಕ್ಕದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುತ್ತಿದ್ದರು. ನಾನು ಊರಿಗೆ ಹೋದಾಗ ಪ್ರೂಫ್ ನೋಡಿಕೊಡುತ್ತಿದ್ದೆ. ಅಪ್ಪನದು ಒಂದು ಅಭ್ಯಾಸ. ಓದು ಬಂದವರಾಗಲಿ ಬಾರದವರಾಗಲಿ, ಪತ್ರವನ್ನು ಪೂರ್ತಿ ಗಟ್ಟಿಯಾಗಿ ಓದಿ ಹೇಳುವುದು. ಚಕ್ಕುಬಂದಿ ಸಮೇತ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಕೆರೆ ಅಂಗಳ. ಕೆರೆ ಅಂಗಳ ಅಂದಾಗ ಆಯಮ್ಮ, “ಅಲ್ಲಿ ನಮ್ಮಪ್ಪ ನೆಟ್ಟಿದ್ದ ಹುಣಸೆ ಮರ ಇದೆಯೇನೋ?” ಅಂತ ತಮ್ಮನನ್ನು ಕೇಳಿದರು. “ಅದು ಹೋಗಿ ಯಾವ ಕಾಲ ಆಯ್ತು ಅಕ್ಕ” ಅಂದ. ಅಪ್ಪ ಓದುವುದನ್ನು ಮುಂದುವರಿಸಿದರು. ಯಾರ ಬಲವಂತವಾಗಲಿ ಪ್ರೇರೇಪಣೆಯಾಗಲಿ ಇಲ್ಲದೆ, ನನ್ನ ಸ್ವಇಚ್ಛೆಯಿಂದ ಒಪ್ಪಿ.

ಮುಗಿದ ಮೇಲೆ ಚಿಕ್ಕ ತಮ್ಮ ಇಂಕ್ ಪ್ಯಾಡ್ ಮುಚ್ಚಳ ತೆಗೆದ. ಆಯಮ್ಮ ಅದನ್ನು ಪಕ್ಕಕ್ಕೆ ಸರಿಸಿ, “ನಂಗೆ ಸೈನ್ ಬರುತ್ತೆ” ಅಂದರು. ರಾತ್ರಿ ಶಾಲೆಯಲ್ಲಿ ಕಲಿತದ್ದಂತೆ, ಸಾಕ್ಷರತಾ ಆಂದೋಲನ ನಡೆದಾಗ. ತಮ್ಮಂದಿರಿಗೇ ಗೊತ್ತಿರಲಿಲ್ಲ. ಮೊದಲು ಒಂದು ರಫ್ ಹಾಳೆ ಕೇಳಿದರು. ಬರೆದು ನೋಡಿದರು. ಪೆನ್ನನ್ನು ನೆಟ್ಟಗೆ, ಗಡಾರಿ ಹಿಡಿದ ಹಾಗೆ ಹಿಡಿದಿದ್ದರು. ಒತ್ತಿ ಬರೆದದ್ದಕ್ಕೆ ಹಾಳೆಯ ಹಿಂದೆ ಅಕ್ಷರ ಉಬ್ಬಿತ್ತು. ದೀರ್ಘ ಎಳೆಯುವ ಕಡೆ ನಿಲ್ಲಿಸಿ, ಅಪ್ಪನ ಮುಖ ನೋಡಿ, ಆಮೇಲೆ ಎಳೆದರು. ಪತ್ರದ ಪ್ರತಿ ಪುಟಕ್ಕೂ ಹೀಗೇ. ದೊಡ್ಡ ತಮ್ಮ ಗಡಿಯಾರ ನೋಡಿಕೊಂಡ. ಅಪ್ಪ ಒಂದು ಬೀಡಿ ಹಚ್ಚಿ ಹೊರಗೆ ಹೋಗಿ ಬಂದರು, ಆಗಲೂ ಮುಗಿದಿರಲಿಲ್ಲ.

ರಿಜಿಸ್ಟ್ರಾರ್ ಮುಂದೆ ನಾನೂ ಹೋಗಿದ್ದೆ. ಅಲ್ಲಿ ಎಲ್ಲರಿಗೂ ಫೋಟೋ, ಬೆರಳಚ್ಚು. ಓದಿದವರಿಗೂ ಅಷ್ಟೇ, ಓದದವರಿಗೂ ಅಷ್ಟೇ. 2001ರಲ್ಲಿ ನೋಂದಣಿ ಕಾಯ್ದೆಗೆ ಆ ಕಲಮು ಸೇರಿಸಿದ್ದಾರೆ. ಅಧಿಕಾರಿ ಮಾಮೂಲಿ ಪ್ರಶ್ನೆ ಕೇಳಿದರು. ಪತ್ರ ಓದಿ ಹೇಳಿದ್ದಾರೇನಮ್ಮ? ಒಪ್ಪಿಗೆ ಇದೆಯಾ? ದುಡ್ಡು ಮುಟ್ಟಿದೆಯಾ? ಆಯಮ್ಮ ಸುಮ್ಮನಿದ್ದರು. “ಹೂಂ ಅನ್ನಕ್ಕಾ” ಅಂದ ಚಿಕ್ಕ ತಮ್ಮ. “ನೀವು ಸುಮ್ನಿರಿ, ಅವರು ಹೇಳಲಿ” ಅಂದರು ಅಧಿಕಾರಿ. ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಹಿಂದೆ ನಿಂತಿದ್ದ ಬೇರೆ ಪಾರ್ಟಿಯವರು ಇಣುಕಿ ನೋಡಿದರು. ದೊಡ್ಡ ತಮ್ಮನ ಹೆಂಡತಿ ಸೀರೆಯ ಕವರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಯಮ್ಮ “ಹೂಂ” ಅಂದರು.

ಅವರು ಇಲ್ಲ ಅನ್ನಬೇಕಿತ್ತು ಅಂತ ನಾನು ಹೇಳಲಾರೆ. ತವರಿಗೆ ಹೋಗುವ ದಾರಿ ಮುಚ್ಚಿಕೊಳ್ಳುವುದು ಸುಲಭ ಅಲ್ಲ. ಹಬ್ಬಕ್ಕೆ ಕರೆಯುವವರು, ಕಾಯಿಲೆ ಬಿದ್ದರೆ ಬಂದು ನೋಡುವವರು ಅವರೇ ತಮ್ಮಂದಿರು. ಆದರೆ ಆ ಸುಮ್ಮನಿದ್ದ ಹೊತ್ತಿನಲ್ಲಿ ಇಬ್ಬರೂ ತಮ್ಮಂದಿರ ಮುಖ ಹೇಗಾಗಿತ್ತು ಅಂತ ನಾನು ನೋಡಿದ್ದೇನೆ. ಅಷ್ಟು ವರ್ಷದಲ್ಲಿ ಅಕ್ಕನ ಬಾಯಿಂದ ಏನು ಬರುತ್ತದೋ ಅಂತ ಅವರು ಹೆದರಿದ್ದು ಅದೇ ಮೊದಲಿರಬೇಕು. ಬಸ್ ಹತ್ತಿಸಿ ಕರೆದುಕೊಂಡು ಬರಬೇಕಾಯಿತು, ಓದಿ ಹೇಳಬೇಕಾಯಿತು, ಕಾಯಬೇಕಾಯಿತು. ಸಹಿ ಅನ್ನುವುದು ಇಷ್ಟೆಲ್ಲವನ್ನೂ ಒಟ್ಟಿಗೆ ಎಳೆದು ತರುತ್ತದೆ. ಕಾಗದದ ಮೇಲಿನ ಗೆರೆ ನನ್ನ ಗೆಳೆಯನ ಹೆಂಡತಿಗೂ ಬರುತ್ತದೆ.

ಓಟಿಪಿ ಹೇಳಮ್ಮ

ಈಗಿನ ಸಹಿ ಓಟಿಪಿ. ಇದು ತಮಾಷೆಗೆ ಹೇಳಿದ್ದಲ್ಲ, ಆಧಾರ್ ಓಟಿಪಿ ಬಳಸಿ ಇ-ಸೈನ್ ಹಾಕುವುದು 2015ರಿಂದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಪ್ರಕಾರ ಒಪ್ಪಿತವಾದದ್ದು. ಕೂತಲ್ಲೇ ಕೆಲಸ ಆಗುತ್ತದೆ. ದೂರದಲ್ಲಿ ಇರುವವರಿಗೆ, ಓಡಾಡಲು ಆಗದವರಿಗೆ ದೊಡ್ಡ ಅನುಕೂಲ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಅಮ್ಮನ ಆಧಾರ್‌ಗೆ ಯಾರ ಫೋನ್ ನಂಬರು ಜೋಡಿಸಿರುತ್ತಾರೆ, ಯೋಚನೆ ಮಾಡಿ. ಮಗನದ್ದು. ಓಟಿಪಿ ಬರುವುದು ಅವನಿಗೆ. ಅಮ್ಮನಿಗೆ ಫೋನಿದ್ದರೂ, “ಅಮ್ಮಾ, ಒಂದು ನಂಬರ್ ಬಂದಿರುತ್ತೆ ಹೇಳಮ್ಮ” ಅಂದರೆ ಒಲೆಯ ಮುಂದಿನಿಂದಲೇ ಹೇಳುತ್ತಾರೆ. ಯಾಕೆ, ಏನು, ಕೇಳುವ ಜಾಗವೇ ಅಲ್ಲಿಲ್ಲ. ನೀವು ಸುಮ್ನಿರಿ, ಅವರು ಹೇಳಲಿ ಅನ್ನುವವರೂ ಇಲ್ಲ.

ಬೆರಳಚ್ಚಿನದು ಇನ್ನೊಂದು ಗೋಳು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಅನ್ನುವ ಅಧಿಕಾರಿ, ಕಂತ್ರಾಟುದಾರ ಆಮೇಲೆ ಮಾತು ತಪ್ಪಬಾರದು ಅಂತ ರಾಜ್ಯಧರ ಕೊನಾಯಿ ಎಂಬುವವರ ಇಡೀ ಅಂಗೈಯನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಆತನ ಸಹಿಯ ಮೇಲೆ ನಂಬಿಕೆ ಇಲ್ಲ, ಕೈಯ ಮೇಲೆ ನಂಬಿಕೆ. ಅಲ್ಲಿಂದ ಶುರುವಾದದ್ದು ಈಗ ನಮ್ಮ ನ್ಯಾಯಬೆಲೆ ಅಂಗಡಿಯ ಯಂತ್ರದವರೆಗೆ ಬಂದಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರ ಕೈ ನೋಡಿದ್ದೀರಾ? ದಿನಗಟ್ಟಲೆ ಬಿಸಿನೀರಿನಲ್ಲಿ ಗೂಡು ಆಡಿಸಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಗೆರೆಗಳೇ ಸವೆದಿರುತ್ತವೆ. ಕಲ್ಲು ಒಡೆಯುವವರದ್ದೂ ಅಷ್ಟೇ. ಯಂತ್ರದ ಮೇಲೆ ಬೆರಳು ಇಟ್ಟು, ಒರೆಸಿ, ಮತ್ತೆ ಇಟ್ಟು, ಬೇರೆ ಬೆರಳು ಇಟ್ಟು ಕಾಯುತ್ತಾರೆ. ಅಂಗಡಿಯವನಿಗೆ ಅವರು ಯಾರ ಮಗಳು, ಯಾರ ಹೆಂಡತಿ ಅಂತ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದು ಪ್ರಯೋಜನ ಇಲ್ಲ.

ಅಪ್ಪ ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ನಮ್ಮದೂ ಸ್ವಲ್ಪ ಜಮೀನಿದೆ, ತಾತನ ಕಾಲದ್ದು, ಅರ್ಧ ಮಾವಿನ ತೋಪು. ಈ ವರ್ಷ ಅದನ್ನು ಒಂದು ದಾರಿಗೆ ತರೋಣ ಅಂತ ಮಾತು ಬಂತು. ಅಷ್ಟು ಜನರ ಮನೆಯ ಪತ್ರ ಬರೆದ ಅಪ್ಪ ತಮ್ಮ ಮನೆಯದನ್ನು ಬರೆಯುವಾಗ, ಅಭ್ಯಾಸ ಬಲದಿಂದಲೋ ಏನೋ, ಅಕ್ಕನ ಹೆಸರಿಗೆ ಹಕ್ಕು ಬಿಡುಗಡೆ ಅಂತಲೇ ಡ್ರಾಫ್ಟ್ ಮಾಡಿಸಿದ್ದರು. ಅಕ್ಕ ಬೆಂಗಳೂರಿನಿಂದ ಬಂದಳು. ಊಟ ಮಾಡಿ, ಕೈ ತೊಳೆದು, ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಓದಿದಳು. “ಅಪ್ಪಾ, ಇದಕ್ಕೆ ನಾನು ಸೈನ್ ಹಾಕಲ್ಲ. ವಿಭಾಗ ಪತ್ರ ಬರೀರಿ” ಅಂದಳು. ಜಗಳ ಏನೂ ಆಗಲಿಲ್ಲ. ಅಮ್ಮ ಎದ್ದು ಹೋಗಿ ಹಾಲು ಕಾಸಲು ಇಟ್ಟರು. ಅಪ್ಪ ಬಹಳ ಹೊತ್ತು ಆದ ಮೇಲೆ, “ಸರಿ, ಚಕ್ಕುಬಂದಿ ಬದಲಾಯಿಸಬೇಕು ಹಂಗಾದ್ರೆ” ಅಂದರು.

ಹೊಸ ಡ್ರಾಫ್ಟ್ ಮೊನ್ನೆ ಬಂದಿದೆ. ತೋಪಿನಲ್ಲಿ ಅರ್ಧ ಅವಳಿಗೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಬೋರ್‌ವೆಲ್ ಇರುವುದು ನನ್ನ ಪಾಲಿನಲ್ಲಿ. ಸಾವಿರದ ಇನ್ನೂರು ಅಡಿಗೆ ಹೋಗಿ ನೀರು ಸಿಕ್ಕಿದ್ದು, ಕೊರೆಸಿದ ದುಡ್ಡು ನನ್ನದು. ಅಕ್ಕ ಮೂರನೇ ಪುಟದ ಮಗ್ಗುಲಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ಕಳಿಸಿದ್ದಾಳೆ, ವಾರದಲ್ಲಿ ಮೂರು ದಿನ ನೀರು ಅಂತ. ನಾನು ಎರಡು ದಿನ ಅಂದಿದ್ದೇನೆ.